ನಾಲ್ಕು ಗಂಟೆಯ ಕೂಗು

ನನಗೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಒಬ್ಬಳನ್ನು ಬೆಳೆಸಿದೆ. ಇನ್ನೊಬ್ಬಳು ಮೂರು ವರ್ಷ ತುಂಬಲು ಎರಡು ತಿಂಗಳಿರುವಾಗ ಹೋದಳು.

ಮಕ್ಕಳನ್ನು ಸಾಕುತ್ತಿರುವ ಹೆಂಗಸರು ಆಗಾಗ ನನ್ನನ್ನು ಕೇಳುವುದುಂಟು, ಮಕ್ಕಳು ಚಿಕ್ಕವರಿದ್ದಾಗ ಯಾವ ದಿನ ನಿಮಗೆ ಹೆಚ್ಚು ಸಂತೋಷ ಕೊಟ್ಟಿತು ಎಂದು. ಏನೂ ಆಗದ ದಿನ ಎನ್ನುತ್ತೇನೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವರು ನಗುತ್ತಾರೆ. ತಮಾಷೆಯಲ್ಲ. ಅದು ಹೇಗೆ ಎಂಬುದನ್ನು ಒಮ್ಮೆ ಕ್ರಮವಾಗಿ ಬರೆದಿಡಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನನ್ನ ತವರು ಶನಿವಾರಸಂತೆಯ ಕಡೆ. ತಾಯಿ ಬೇಗ ತೀರಿಕೊಂಡದ್ದರಿಂದ ತಂದೆ ನನ್ನನ್ನು ಎಂಟನೆಯ ವಯಸ್ಸಿಗೇ ಮೈಸೂರಿನ ಒಂದು ಬೋರ್ಡಿಂಗ್ ಶಾಲೆಗೆ ಸೇರಿಸಿದರು. ಅಲ್ಲಿ ಎಲ್ಲಕ್ಕೂ ಗಂಟೆ. ಏಳುವುದಕ್ಕೆ ಒಂದು ಗಂಟೆ, ಮುಖ ತೊಳೆಯುವುದಕ್ಕೆ ಒಂದು, ತಟ್ಟೆಯ ಮುಂದೆ ಕೂರುವುದಕ್ಕೆ ಒಂದು, ತಟ್ಟೆ ಬಿಟ್ಟು ಏಳುವುದಕ್ಕೆ ಇನ್ನೊಂದು. ಬೇರೆ ಹುಡುಗಿಯರು ಅದನ್ನು ಶಪಿಸುತ್ತಿದ್ದರು. ನನಗೆ ಕಷ್ಟವೆನಿಸಲಿಲ್ಲ. ತಾಯಿ ಇಲ್ಲದ ಮಗುವಿಗೆ ಮುಂದೆ ಮಾಡಬೇಕಾದದ್ದು ಏನೆಂದು ಗೊತ್ತಿರುವುದು ಒಂದು ಆಸರೆ. ಹತ್ತು ವರ್ಷ ಆ ಗಂಟೆಯ ಕೆಳಗೆ ಬೆಳೆದೆ. ಹೊರಗೆ ಬಂದ ಮೇಲೆ ಗಂಟೆ ಹೊಡೆಯುವವರು ಯಾರೂ ಇಲ್ಲದ್ದರಿಂದ ನಾನೇ ಹೊಡೆಯತೊಡಗಿದೆ.

ನನ್ನ ಗಂಡ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಂಡು, ಯಾರು ಯಾವ ಕಡೆ ಹೋಗಬೇಕೆಂದು ಹಂಚಿ, ಸಂಜೆಯವರೆಗೆ ಅವರ ಹಿಂದೆ ನಡೆಯುವ ಕೆಲಸ. ಮೊದಲು ನಮ್ಮ ಕಡೆಯಲ್ಲೇ ಇದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಕಕ್ಕಬೆಯ ಮೇಲಿನ ಒಂದು ಎಸ್ಟೇಟಿಗೆ ಬಂದೆವು. ಹಣ್ಣು ಕುಯ್ಯುವ ಪಿಕಿಂಗ್ ಆಗತಾನೆ ಶುರುವಾಗಿತ್ತು. ಗಿಡಗಳ ತುಂಬ ಕೆಂಪು ಹಣ್ಣು, ಬೆಳಿಗ್ಗೆ ಕೊರೆಯುವ ಚಳಿ. ಆಳುಗಳ ಸಾಲುಮನೆಗಳಾದ ಲೈನುಗಳಲ್ಲಿ ತಮಿಳಿನವರು, ಮಲಯಾಳದವರು. ನಮಗೆ ಕೊಟ್ಟ ಮನೆ ಎಸ್ಟೇಟಿನ ಅಂಚಿನಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಅಂಗಳ, ಅಂಗಳದ ಕೊನೆಗೆ ಬೇಲಿ. ಬೇಲಿಯ ಆಚೆ ಅರೆಭಾಷೆ ಮಾತಾಡುವ ಒಂದು ಗೌಡರ ಮನೆ.

ಬಂದ ಮೂರನೆಯ ದಿನ ನಾನು ದಿನಚರಿಯ ಪಟ್ಟಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಐದೂವರೆಗೆ ಏಳುವುದು. ಆರಕ್ಕೆ ಒಲೆ. ಏಳಕ್ಕೆ ದೊಡ್ಡವಳ ಜಡೆ. ಹೀಗೆ ರಾತ್ರಿ ಎಂಟಕ್ಕೆ ದೀಪ ಸಣ್ಣದು ಮಾಡುವವರೆಗೆ. ನನ್ನ ಗಂಡ ಅದನ್ನು ನಿಂತು ಪೂರ್ತಿ ಓದಿದರು.

"ಎಲ್ಲಾ ಬರ್ದಿದ್ದೀಯ. ನಗೋದು ಎಷ್ಟು ಗಂಟೆಗೆ ಅಂತ ಬರೆಯೋದು ಮರ್ತಿದ್ದೀಯ."

"ಭಾನುವಾರ ಎಣ್ಣೆ ಸ್ನಾನ ಆದ್ಮೇಲೆ ನಗಬೋದು."

"ಆಗ ಕಣ್ಣಲ್ಲಿ ಸೀಗೆಪುಡಿ ಇರ್ತದಲ್ಲೇ."

ದೊಡ್ಡವಳಿಗೆ ಆಗ ಆರು ವರ್ಷ. ನನ್ನ ಹಾಗೆಯೇ ಅವಳು. ಗಂಟೆ ನೋಡಲು ಬರುವ ಮೊದಲೇ ಹೊತ್ತು ತಿಳಿಯುತ್ತಿತ್ತು. ಚಿಕ್ಕವಳು ಹಾಗಲ್ಲ. ಅವಳಿಗೆ ಪಟ್ಟಿ ಹಿಡಿಸಲಿಲ್ಲ. ಉಣ್ಣುವ ಹೊತ್ತಿಗೆ ಮಲಗುವಳು, ಮಲಗುವ ಹೊತ್ತಿಗೆ ಹಾಡುವಳು. ಉದುರಿದ ಕಾಫಿ ಹಣ್ಣು ಆರಿಸಿ ತಂದು ನನ್ನ ಕೊಡದ ನೀರಿಗೆ ಹಾಕುವಳು. ಅವು ತೇಲುವುದನ್ನು ನೋಡುತ್ತ ಎಷ್ಟು ಹೊತ್ತಾದರೂ ಕೂರುವಳು. ಬೈದರೆ ಬಾಗಿಲ ಹಿಂದೆ ಅಡಗುವಳು. "ಎಲ್ಲಿದ್ದೀಯೇ?" ಎಂದು ನಾನು ಕೇಳಿದ ಕೂಡಲೇ ಅಡಗಿದ್ದು ಮರೆತು "ಇಲ್ಲೇ" ಎನ್ನುವಳು. ದಿನಕ್ಕೆ ಹತ್ತು ಸಲ ಈ ಆಟ. ನನಗೆ ಅದು ಆಟವೆಂದು ಆಗ ಅನಿಸಿರಲಿಲ್ಲ, ಕೆಲಸಕ್ಕೆ ಅಡ್ಡಿ ಅನಿಸುತ್ತಿತ್ತು. ಆ ಮನೆಯಲ್ಲಿ ಆರು ವಾರ ಹಾಗೆ ಕಳೆಯಿತು. ನನ್ನ ಬಾಳಿನ ಒಳ್ಳೆಯ ದಿನಗಳು ಅವು, ಹೆಚ್ಚಿನವನ್ನು ನಾನು ಬೈಯುತ್ತ ಕಳೆದೆ.

ಬೇಲಿಯ ಆಚೆಯ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಮಗ, ಸೊಸೆ ಹಗಲು ಗದ್ದೆಗೆ, ತೋಟಕ್ಕೆ ಹೋಗುತ್ತಿದ್ದರು. ಅಜ್ಜಿ ಮೊಮ್ಮಗುವನ್ನು ನೋಡಿಕೊಂಡು ಮನೆಯಲ್ಲಿರುತ್ತಿದ್ದರು. ಬಂದ ವಾರದಲ್ಲೇ ಬೇಲಿಯ ಗೇಟಿನ ಹತ್ತಿರ ನಿಂತು ನನ್ನನ್ನು ಕರೆದರು.

"ರೈಟರಮ್ಮ, ನಿನ್ನ ಸಣ್ಣ ಗೂಡೆನ ಇಲ್ಲಿ ಬಿಡ್. ನಮ್ಮ ಕೂಸಿನ ಒಟ್ಟಿಗೆ ಆಡ್ಲಿ. ನೀ ಆ ಕಾಗದ ನೋಡ್ಕಂಡ್ ಕೆಲ್ಸ ಮಾಡ್."

ಪಟ್ಟಿಯ ಸುದ್ದಿ ಅಷ್ಟರಲ್ಲೇ ಬೇಲಿ ದಾಟಿತ್ತು. ಗೂಡೆ ಎಂದರೆ ಹುಡುಗಿ ಎಂದು ಅವತ್ತು ತಿಳಿದೆ. ಅಜ್ಜಿ ನನ್ನೊಡನೆ ಆದಷ್ಟು ಕನ್ನಡದಲ್ಲೇ ಮಾತಾಡುತ್ತಿದ್ದರು, ನಡುವೆ ಅರೆಭಾಷೆ ಬಂದುಬಿಡುತ್ತಿತ್ತು. ಅದೂ ಕನ್ನಡವೇ ತಾನೇ ಎಂದು ನಾನು ಹೆಚ್ಚು ಗಮನ ಕೊಡಲಿಲ್ಲ. ಗೊತ್ತಿಲ್ಲೆ, ಬಂದಿಲ್ಲೆ ಎಂದು ಅವರು ಮಾತಿನ ತುದಿಯನ್ನು ಬಾಗಿಸುವುದನ್ನು ಕೇಳಿದ್ದೆ. ಅದು ಆ ಕಡೆಯವರ ರಾಗ ಎಂದುಕೊಂಡಿದ್ದೆ. ಮಧ್ಯಾಹ್ನದ ನಿದ್ದೆಯಾದ ಮೇಲೆ ಚಿಕ್ಕವಳು ಗೇಟು ದಾಟಿ ಅಜ್ಜಿಯ ಅಂಗಳಕ್ಕೆ ಹೋಗುವಳು. ಐದಕ್ಕೆ ನಾನು ಕರೆದು ತರುವೆ. ಪಟ್ಟಿಯಲ್ಲಿ ಅದನ್ನೂ ಬರೆದುಕೊಂಡಿದ್ದೆ.

ಆ ದಿನ ಗುರುವಾರ. ಗುರುವಾರ ನಾಲ್ಕಕ್ಕೆ ಇಸ್ತ್ರಿ. ಇದ್ದಿಲು ಕೆಂಪಗೆ ಹಿಡಿದಿತ್ತು. ಪೆಟ್ಟಿಗೆಗೆ ತುಂಬಿ, ಅಂಗಳಕ್ಕೆ ಬಂದು ಬೂದಿ ಊದಿದೆ. ಬೇಲಿಯ ಆಚೆ ಅಜ್ಜಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಅವರ ಮೊಮ್ಮಗು ಕಾಣುತ್ತಿತ್ತು. ನನ್ನ ಮಗು ಕಾಣಲಿಲ್ಲ.

"ಅಜ್ಜೀ, ಚಿಕ್ಕೋಳು ಅಲ್ಲಿದಾಳಾ?"

ಅಜ್ಜಿ ತಲೆ ಎತ್ತದೆ, "ಇಲ್ಲೆ," ಎಂದರು.

ಸರಿ ಎಂದು ನಾನು ಒಳಗೆ ಹೋದೆ. ಗಂಡನ ಎರಡು ಅಂಗಿ, ದೊಡ್ಡವಳ ಶಾಲೆಯ ಲಂಗ, ನನ್ನ ರವಿಕೆ, ಚಿಕ್ಕವಳ ಎರಡು ಫ್ರಾಕು. ಕೊನೆಯ ಫ್ರಾಕಿನ ಕಾಲರಿನ ಮೇಲೆ ಪೆಟ್ಟಿಗೆಯ ತುದಿ ಓಡಿಸುವುದು ನಾಜೂಕಿನ ಕೆಲಸ. ಅವಸರ ಮಾಡದೆ ಮಾಡಿದೆ. ಅರ್ಧ ಗಂಟೆ ಹಿಡಿಯಿತು.

ಪಲ್ಪರ್ ಮನೆ ನಮ್ಮ ಮನೆಯಿಂದ ಇಳಿಜಾರಿನಲ್ಲಿ ಇನ್ನೂರು ಹೆಜ್ಜೆ. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಅಲ್ಲಿತ್ತು, ಅದರ ಪಕ್ಕ ನೀರಿನ ತೊಟ್ಟಿಗಳು. ಕುಯ್ದ ಹಣ್ಣನ್ನು ಮೊದಲು ತೊಟ್ಟಿಗೆ ಸುರಿಯುತ್ತಾರೆ. ಗಟ್ಟಿ ಹಣ್ಣು ಮುಳುಗುತ್ತದೆ, ಜೊಳ್ಳು ಮೇಲೆ ತೇಲುತ್ತದೆ. ಆಳುಗಳು ಸಂಜೆಯ ಹಣ್ಣು ಹೊತ್ತು ತರುವ ಮೊದಲು ಅಲ್ಲಿ ಸ್ವಲ್ಪ ಹೊತ್ತು ಯಾರೂ ಇರುವುದಿಲ್ಲ. ತೊಟ್ಟಿ ನೆಲಮಟ್ಟದಿಂದ ದೊಡ್ಡವರ ಸೊಂಟದಷ್ಟು ಆಳ. ಮೊದಲು ಬಂದ ತಮಿಳು ಹೆಂಗಸು ತಲೆಯ ಮೇಲಿನ ಚೀಲವನ್ನು ಹಾಗೇ ಕೆಳಕ್ಕೆ ಬಿಟ್ಟು ಕೂಗಿದಳಂತೆ. ಆ ಕೂಗು ನನಗೆ ಕೇಳಿಸಿತು. ನನ್ನನ್ನು ಕರೆಯುತ್ತಿರುವುದೆಂದು ತಿಳಿಯಲಿಲ್ಲ. ಫ್ರಾಕು ಮಡಚಿ ಇಟ್ಟು ಹೊರಗೆ ಬಂದೆ.

ಮಗುವಿನ ಮುಷ್ಟಿಯಲ್ಲಿ ಎರಡು ಕೆಂಪು ಹಣ್ಣು ಇದ್ದವು.

ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದಾಗ ಅಜ್ಜಿ ಗೇಟು ದಾಟಿ ಬಂದರು. ನನ್ನ ಗಂಡ, ಲೈನಿನ ಏಳೆಂಟು ಜನ ಸುತ್ತ ಇದ್ದರು. ನಾನು ಅಜ್ಜಿಯ ಸೆರಗು ಹಿಡಿದುಕೊಂಡೆ.

"ಇಲ್ಲೇ ಅಂದ್ರಲ್ಲ ಅಜ್ಜಿ. ಇಲ್ಲೇ ಅಂದ್ರಲ್ಲ ನೀವು."

"ಹೌದ್ ಮಗ," ಎಂದರು ಅಜ್ಜಿ. "ಇಲ್ಲೆ ಅಂತಲೇ ಹೇಳ್ದೆ."

ಅವರು ಒಪ್ಪಿಕೊಂಡರು ಎಂದು ನಾನು ತಿಳಿದೆ. ಅಲ್ಲಿದ್ದವರೂ ಹಾಗೇ ತಿಳಿದರು. ಎಸ್ಟೇಟಿನ ಗಡಿಯ ಒಂದು ಕಿತ್ತಳೆ ಮರದ ಹತ್ತಿರ ಜಾಗ ಕೊಟ್ಟರು. ನಮ್ಮ ಕಡೆಯ ಪದ್ಧತಿಯಂತೆ ವಿಭೂತಿ ಹಚ್ಚಿ ಮಣ್ಣು ಮಾಡಿದೆವು. ಮರುದಿನ ಐದೂವರೆಗೆ ಎದ್ದೆ. ಆರಕ್ಕೆ ಒಲೆ ಹಚ್ಚಿದೆ.

ಮಾತಾಡಿಸಲು ಬಂದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ, ಅಜ್ಜಿಯನ್ನು ಕೇಳಿದೆ, ಮಗು ತಮ್ಮ ಹತ್ತಿರವೇ ಇದ್ದಾಳೆ ಅಂದರು, ನಂಬಿ ಒಳಗೆ ಹೋದೆ ಎಂದು. ಅಜ್ಜಿ ಆಡಿದ ಪದವನ್ನು ಹಾಗೇ ಹೇಳಿದ್ದರೆ ಆ ಊರಿನವರು ಯಾರಾದರೂ ಅಂದೇ ನನ್ನನ್ನು ತಿದ್ದುತ್ತಿದ್ದರು. ನಾನು ಪದ ಹೇಳಲಿಲ್ಲ. ಅರ್ಥ ಹೇಳಿದೆ. ಅದು ಅಂಗಡಿಗೆ ಹೋಯಿತು, ಶಾಲೆಗೆ ಹೋಯಿತು, ಅಜ್ಜಿಯ ಸೊಸೆಯ ಕಿವಿಗೂ ಬಿತ್ತು. ಸೊಸೆ ಮಗುವನ್ನು ಅಜ್ಜಿಯ ಹತ್ತಿರ ಬಿಡುವುದು ನಿಲ್ಲಿಸಿ ಬೆನ್ನಿಗೆ ಕಟ್ಟಿಕೊಂಡು ಗದ್ದೆಗೆ ಹೋಗತೊಡಗಿದಳು. ಅಂಗಳದಲ್ಲಿ ಅಜ್ಜಿ ಒಬ್ಬರೇ ಕೂತಿರುವುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಇರಲಿ ಎಂದುಕೊಂಡೆ. ಗೇಟಿಗೆ ತಂತಿ ಸುತ್ತಿ ಬಿಗಿದೆ.

ಉಳಿದದ್ದು ದೊಡ್ಡವಳು. ಅವಳನ್ನು ಉಳಿಸಿಕೊಳ್ಳಬೇಕು. ಬೇರೆ ಯಾವ ವಿಚಾರವೂ ನನ್ನ ತಲೆಯಲ್ಲಿರಲಿಲ್ಲ. ಪಟ್ಟಿ ಸಡಿಲವಾಗಿದ್ದದ್ದೇ ತಪ್ಪು, ಇನ್ನು ಸಡಿಲ ಬಿಡಬಾರದು ಎಂದು ತೀರ್ಮಾನಿಸಿದೆ. ಹೊಸ ಪಟ್ಟಿ ಬರೆದೆ. ಅದರಲ್ಲಿ ಅವಳ ಪ್ರತಿ ಕಾಲು ಗಂಟೆಗೂ ಒಂದು ಸಾಲು ಇತ್ತು. ಶಾಲೆಗೆ ಅಪ್ಪನ ಜೊತೆ, ಬರುವಾಗ ನನ್ನ ಜೊತೆ. ಕಕ್ಕಸಿಗೆ ಹೋದರೂ ಹೇಳಿ ಹೋಗಬೇಕು. ಕರೆದ ಕೂಡಲೇ ಬಂದೆ ಎನ್ನಬೇಕು. ಅವಳು ಎನ್ನುತ್ತಿದ್ದಳು. ಎರಡನೆಯ ಸಲ ಕರೆಸಿಕೊಂಡದ್ದೇ ಇಲ್ಲ. ಐದರಿಂದ ಐದೂವರೆ ಆಟ ಎಂದು ಬರೆದಿದ್ದೆ. ಆ ಹೊತ್ತಿಗೆ ಅವಳು ಹಿಂದಿನ ಅಂಗಳಕ್ಕೆ ಹೋಗಿ, ಕೈ ಇಳಿಬಿಟ್ಟುಕೊಂಡು ನಿಲ್ಲುವಳು. ಐದೂವರೆಗೆ ಒಳಗೆ ಬರುವಳು.

ಒಂದು ದಿನ ಕೇಳಿದೆ, "ಆಡಿದ್ಯಾ?"

"ಹೂಂ ಅವ್ವ."

"ಏನಾಡ್ದೆ?"

ಅವಳು ಪಟ್ಟಿಯ ಕಡೆ ನೋಡಿದಳು, ಅಲ್ಲಿ ಉತ್ತರ ಬರೆದಿರಬಹುದು ಎನ್ನುವಂತೆ.

ಅವಳು ನಗುವುದು ನಿಂತಿತ್ತು. ಅಳುವುದೂ ನಿಂತಿತ್ತು. ತಂಗಿಯ ಹೆಸರು ಎತ್ತುತ್ತಿರಲಿಲ್ಲ. ನನ್ನ ಗಂಡ ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾಗ ಅವಳ ಕಡೆ ನೋಡುತ್ತ ಮೆಲ್ಲಗೆ ಅಂದರು, "ಇದೂ ಹೋಗ್ತಾ ಇದೆ ಕಣೇ. ನೀರಿಗೆ ಬೀಳಬೇಕು ಅಂತೇನಿಲ್ಲ."

ಆ ಮಾತು ನಿಜವೆಂದು ಗೊತ್ತಿತ್ತು. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ನನಗೆ ಕಲಿಸಿದ್ದು ಗಂಟೆ ಹೊಡೆಯುವುದೊಂದೇ.

ನಾಲ್ಕು ತಿಂಗಳು ಹೀಗೆ ಹೋಯಿತು. ತೋಟದಲ್ಲಿ ಹೂ ಬಂತು. ಗಿಡಗಳ ಮೇಲೆ ಬಿಳಿ ಹೊದಿಸಿದ ಹಾಗೆ, ಅದರ ವಾಸನೆ ಬಟ್ಟೆಗೆ, ಅನ್ನಕ್ಕೆ, ದಿಂಬಿಗೆ ಹತ್ತುತ್ತದೆ. ನನಗೆ ಅದು ಆ ವರ್ಷ ಸಹಿಸಲಾಗಲಿಲ್ಲ. ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡುತ್ತಿದ್ದೆ.

ಆ ಶನಿವಾರ ಶಾಲೆ ಅರ್ಧ ದಿನ. ಅಕ್ಕಿಹಿಟ್ಟು ಕಲಸುತ್ತಿದ್ದೆ. ರೊಟ್ಟಿಗೆ ನಂಜಿಕೊಳ್ಳಲು ಕಾಯಿಬೆಲ್ಲ ಮಾಡೋಣವೆಂದು ದೊಡ್ಡವಳಿಗೆ ಹೇಳಿದೆ, "ಮೇಲಿನ ಹಲಗೆ ಮೇಲೆ ಬೆಲ್ಲದ ಡಬ್ಬಿ ನೋಡು. ಬೆಲ್ಲ ಇದ್ಯಾ?"

ಅವಳು ಮಣೆ ಹಾಕಿ ಹತ್ತಿದಳು. ಮುಚ್ಚಳ ತೆಗೆದ ಸದ್ದು ಕೇಳಿತು.

"ಇಲ್ಲೆ."

"ತಗೊಂಡು ಬಾ ಮತ್ತೆ."

"ಇಲ್ಲೆ ಅವ್ವ."

"ಇಲ್ಲೇ ಇದ್ರೆ ತಾರೇ. ನನ್ನ ಕೈ ಹಿಟ್ಟಾಗಿದೆ."

ತಿರುಗಿ ನೋಡಿದೆ. ಮಣೆಯ ಮೇಲೆ ನಿಂತೇ ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸುತ್ತಿದ್ದಳು. ಏನೂ ಬೀಳಲಿಲ್ಲ. ಅವಳ ತುಟಿ ಅದುರುತ್ತಿತ್ತು. ಅಳು ಎಂದುಕೊಂಡೆ. ಅಳುವಲ್ಲ.

"ಅವ್ವ, ಇಲ್ಲೆ ಅಂದ್ರೆ ಇಲ್ಲ ಅಂತ. ಬೆಲ್ಲ ಖಾಲಿ. ಸ್ಕೂಲಲ್ಲಿ ಎಲ್ರೂ ಹಂಗೇ ಅಂತಾರೆ. ನೀನು ತಾ ತಾ ಅಂತೀಯ, ನಾನು ಇಲ್ಲೆ ಇಲ್ಲೆ ಅಂತೀನಿ." ಹೇಳುತ್ತ ಹೇಳುತ್ತ ನಗು ಒಡೆಯಿತು. ಮುಂದಿನ ಎರಡು ಹಲ್ಲು ಬಿದ್ದು ಬಾಯಲ್ಲಿ ಕಿಂಡಿಯಾಗಿತ್ತು. ಆ ಕಿಂಡಿಯನ್ನು ನಾನು ನಗುವಿನಲ್ಲಿ ನೋಡಿಯೇ ಇರಲಿಲ್ಲ. ಡಬ್ಬಿಯನ್ನು ಟೋಪಿಯ ಹಾಗೆ ತಲೆಗೆ ಹಾಕಿಕೊಂಡು, "ಬೆಲ್ಲ ಇಲ್ಲೆ, ಬುದ್ಧಿ ಇಲ್ಲೆ," ಎಂದು ಶಾಲೆಯಲ್ಲಿ ಕಲಿತ ಏನನ್ನೋ ರಾಗವಾಗಿ ಹೇಳಿದಳು.

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಬೇಲಿಯ ಆಚೆ ಮೊರ ಹಿಡಿದು ಕೂತ ಅಜ್ಜಿ, ತಲೆ ಎತ್ತದೆ ಆಡಿದ ಆ ಒಂದು ಪದ, ಸರಿ ಎಂದು ಒಳಗೆ ತಿರುಗಿದ ನಾನು. ಎಲ್ಲ ಒಟ್ಟಿಗೆ ಬಂದು ನಿಂತವು. ಇದ್ದಾಳೆ ಎಂದು ಅಜ್ಜಿ ಹೇಳಿರಲಿಲ್ಲ. ಇಲ್ಲ ಎಂದಿದ್ದರು. ಅದನ್ನು ಕೇಳಿಸಿಕೊಂಡು ನಾನು ಫ್ರಾಕಿನ ಕಾಲರಿಗೆ ಇಸ್ತ್ರಿ ಹಾಕಿದ್ದೆ.

ಮಣೆಯ ಮೇಲಿನಿಂದ ಮಗಳು ನನ್ನ ಮುಖ ನೋಡುತ್ತಿದ್ದಳು. ನಗು ನಿಲ್ಲುವುದರಲ್ಲಿತ್ತು. ಅವ್ವನ ಮುಖ ನೋಡಿಕೊಂಡು ನಗಬೇಕೋ ಬೇಡವೋ ಎಂದು ತೀರ್ಮಾನಿಸುವುದನ್ನು ಆ ನಾಲ್ಕು ತಿಂಗಳಲ್ಲಿ ನಾನೇ ಅವಳಿಗೆ ಕಲಿಸಿದ್ದೆ.

ನಾನು ನಕ್ಕೆ. ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಇಟ್ಟುಕೊಂಡು, ಸದ್ದು ಬರುವಂತೆ ನಕ್ಕೆ. ಅಷ್ಟು ಕಷ್ಟದ ಕೆಲಸ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಅವಳು ಮತ್ತೆ ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು ಮಣೆಯಿಂದ ಇಳಿದಳು. "ಅವ್ವನ ಮೀಸೆ ನೋಡು," ಎಂದು ನನ್ನ ಮುಖದ ಹಿಟ್ಟು ತೋರಿಸಿದಳು. ಬೆಲ್ಲವಿಲ್ಲದೆ, ಉಪ್ಪಿನಕಾಯಿಯಲ್ಲಿ ರೊಟ್ಟಿ ತಿಂದೆವು. ಅವಳು ನಾಲ್ಕು ತಿಂದಳು. ಅಂದು ನನಗೆ ಸಂತೋಷವೂ ಆಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆದದ್ದು ನಿಜ. ಎರಡೂ ಒಂದೇ ತಟ್ಟೆಯಲ್ಲಿ ಬಂದವು. ಒಂದನ್ನು ಬಿಟ್ಟು ಒಂದನ್ನು ತಿನ್ನುವ ಹಾಗಿರಲಿಲ್ಲ.

ಸಂಜೆ ನನ್ನ ಗಂಡ ಬಂದು ಕಾಲು ತೊಳೆಯುವಾಗ ಹೇಳಿದೆ. ಅವರು ಚೊಂಬು ಕೆಳಗಿಟ್ಟರು. ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ.

"ನಿಮಗೆ ಗೊತ್ತಿತ್ತಾ?"

"ಹೋದ ತಿಂಗಳು ಅಂಗಡೀಲಿ ಯಾರೋ ಇಲ್ಲೆ ಅಂದದ್ದು ಕೇಳ್ದೆ." ಚೊಂಬು ಮತ್ತೆ ಎತ್ತಿಕೊಂಡು ಅಂದರು, "ನಿನಗೆ ಹೇಳಿದ್ರೆ ನೀನು ಉಳೀತೀಯ ಅನ್ನೋ ಧೈರ್ಯ ಇರ್ಲಿಲ್ಲ."

ಅವರೂ ಒಂದು ತಿಂಗಳು ಅಜ್ಜಿಯ ಅಂಗಳದ ಮುಂದೆ ತಲೆ ತಗ್ಗಿಸಿಕೊಂಡು ಓಡಾಡಿದ್ದರು. ಅದು ನನಗಾಗಿ ಮಾಡಿದ ತಪ್ಪು.

ಮರುದಿನ ಬೆಳಿಗ್ಗೆ ಇಕ್ಕಳ ತಗೊಂಡು ಗೇಟಿನ ತಂತಿ ಬಿಚ್ಚಿದೆ. ತುಕ್ಕು ಹಿಡಿದಿತ್ತು, ಕೈ ತರಚಿತು. ಅಜ್ಜಿ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಬಾ ಎನ್ನಲಿಲ್ಲ. ಹೋಗಿ ಮೆಟ್ಟಿಲ ಹತ್ತಿರ ನಿಂತೆ.

"ಅಜ್ಜಿ, ನಿಮ್ಮ ಭಾಷೇಲಿ ಇಲ್ಲೆ ಅಂದ್ರೆ ಇಲ್ಲ ಅಂತಾನಾ?"

"ಮತ್ತೆ ಇನ್ನೆಂತ?"

"ನಮ್ಮಲ್ಲಿ ಇಲ್ಲೇ ಅಂದ್ರೆ ಇದೇ ಜಾಗದಲ್ಲಿ ಅಂತ. ಅವತ್ತು ಅವಳು ನಿಮ್ಮ ಹತ್ರಾನೇ ಇದಾಳೆ ಅಂದ್ಕೊಂಡೆ."

ಅಜ್ಜಿ ತುಟಿಯಲ್ಲಿ ಎರಡು ಸಲ ಆ ಪದವನ್ನು ಹೇಳಿ ನೋಡಿಕೊಂಡ ಹಾಗಿತ್ತು, ಒಮ್ಮೆ ತಮ್ಮ ಹಾಗೆ, ಒಮ್ಮೆ ನನ್ನ ಹಾಗೆ.

"ಅದ್ಕಾ ನೀ ಒಳಗೆ ಹೋದ್ದ್," ಎಂದರು.

"ಹೌದು."

"ಗೂಡೆ ಮೂರ್ ಗಂಟೆಗೇ ಅವ್ವ ಅಂತೇಳಿ ಹೊರ್ಟಿತ್ತ್. ಮನೆಗೆ ಹೋತ್ ಅಂತ ನಾ ಅಂದ್ಕಂಡೆ. ನೀ ಕೇಳ್ದೆ, ಇಲ್ಲೆ ಅಂದೆ. ನೀ ಒಳಗೆ ಹೋದೆ. ಆಮೇಲೆ ಇಸ್ತ್ರಿ ಪೆಟ್ಟಿಗೆದ್ ಸದ್ದ್ ಕೇಳ್ತ್. ಸರಿ, ಒಳಗೆ ಸಿಕ್ಕಿತ್ತ್ ಕಾಣ್ತದೆ ಅಂತೇಳಿ ನಾನೂ ಅಕ್ಕಿ ಕೇರ್ದೆ." ಬೇಲಿಯ ಕಡೆ ನೋಡಿದರು. "ನಾನೂ ಎದ್ದ್ ಹುಡ್ಕಬೇಕಿತ್ತ್."

"ನಾನು ಎಲ್ಲರ ಹತ್ರಾನೂ ನೀವು ಇದಾಳೆ ಅಂದ್ರಿ ಅಂತ ಹೇಳ್ದೆ. ನಿಮ್ಮ ಕಿವಿಗೆ ಬಂದಿರ್ಬೇಕು."

"ಬಾತ್."

"ಯಾಕೆ ನೀವು ಸುಮ್ನಿದ್ರಿ?"

ಅಜ್ಜಿ ನನ್ನ ತರಚಿದ ಕೈ ನೋಡುತ್ತಿದ್ದರು. "ಎಂತ ಹೇಳ್ದು? ಮಗು ಇಲ್ಲೆ ಅಂದ್ರೂ ತಾಯಿ ಇಸ್ತ್ರಿ ಹಾಕ್ತಿತ್ತ್ ಅಂತ ಹೇಳ್ದಾ ಊರಿಗೆ? ನೀ ಗೊತ್ತಿದ್ದೇ ಸುಳ್ಳ್ ಹೇಳ್ತೊಳ ಅಂತ ನಾ ಅಂದ್ಕಂಡೆ. ಹೊರೆ ಇಳ್ಸಕ್ಕೆ ನಿಂಗೊಂದ್ ಜಾಗ ಬೇಕಲ. ನನ್ನ ತಲೆಮೇಲೆ ಇಳ್ಸಿದೆ. ಇರ್ಲಿ ಅಂದೆ. ನಂಗೆ ವಯಸ್ಸಾತ್."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಜ್ಜಿ ಸಮಾಧಾನ ಹೇಳಲಿಲ್ಲ. ನನ್ನ ತಪ್ಪಿಲ್ಲ ಎನ್ನಲಿಲ್ಲ. ಒಳಗೆ ಹೋಗಿ ಅರಿಸಿನ ತಂದು ನನ್ನ ಕೈಗೆ ಹಚ್ಚಿದರು. ಹಚ್ಚುವಾಗ ಅಂದರು, "ನನ್ನ ಮೊಮ್ಮಗುನ ನಾ ಎತ್ತಿ ನಾಲ್ಕ್ ತಿಂಗ್ಳಾತ್, ರೈಟರಮ್ಮ."

ಆ ಮಾತು ಕ್ಷಮೆಯಲ್ಲ. ಮಾಡಬೇಕಾದ ಕೆಲಸ. ಕೆಲಸವೆಂದರೆ ನನಗೆ ಗೊತ್ತು. ಮನೆಗೆ ಬಂದು ಕಾಗದ ತೆಗೆದುಕೊಂಡೆ. ಅಜ್ಜಿಯ ವಿಷಯ ನಾನು ಯಾರ ಯಾರ ಹತ್ತಿರ ಹೇಳಿದ್ದೆನೋ ನೆನಪು ಮಾಡಿಕೊಂಡು ಬರೆದೆ. ಹನ್ನೊಂದು ಮನೆ, ಒಂದು ಅಂಗಡಿ, ಶಾಲೆಯ ಮೇಷ್ಟರು. ಮೊದಲು ಅಜ್ಜಿಯ ಸೊಸೆ. ಗದ್ದೆಯ ಬದುವಿನ ಮೇಲೆ ನಿಂತು ಹೇಳಿದೆ, ನಿಮ್ಮತ್ತೆ ಇಲ್ಲ ಅಂತಲೇ ಹೇಳಿದ್ದರು, ನಾನು ತಪ್ಪು ಕೇಳಿಸಿಕೊಂಡೆ ಎಂದು. ಅವಳು ಬೆನ್ನ ಮೇಲಿನ ಮಗುವನ್ನು ಬಿಚ್ಚಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಅಂದು ಸಂಜೆ ಮಗು ಅಜ್ಜಿಯ ಮಡಿಲಲ್ಲಿರುವುದು ಕಿಟಕಿಯಿಂದ ಕಂಡಿತು.

ಉಳಿದ ಮನೆಗಳಿಗೆ ಹೋಗಲು ನಾಲ್ಕು ದಿನ ಹಿಡಿಯಿತು. ಕೆಲವರು ಹೋದದ್ದು ಹೋಯಿತು ಬಿಡಿ ಎಂದರು. ಒಬ್ಬರು ಕಾಫಿ ಕೊಟ್ಟು ಬೇರೆ ಮಾತು ತೆಗೆದರು. ಅಂಗಡಿಯಲ್ಲಿ ಕೂತಿದ್ದ ಒಬ್ಬ ಮುದುಕರು, "ಕನ್ನಡ ಓದಿದವ್ರಿಗೆ ಕನ್ನಡ ಗೊತ್ತಾಗಿಲ್ಲೆ," ಎಂದು ಪಕ್ಕದವರಿಗೆ ಹೇಳಿದರು. ನನಗೆ ಕೇಳಲೆಂದೇ ಹೇಳಿದ್ದು. ಕೇಳಿಸಿಕೊಂಡೆ. ಪ್ರತಿ ಮನೆಯಿಂದ ಬಂದ ಮೇಲೂ ಕಾಗದದಲ್ಲಿ ಗೆರೆ ಎಳೆದೆ. ಗೆರೆ ಎಳೆದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಆಮೇಲೆ ಬಾಗಿಲ ಮೇಲಿನ ಪಟ್ಟಿ ತೆಗೆದು ಬೇರೆ ಬರೆದೆ. ಪಟ್ಟಿಯಿಲ್ಲದೆ ಬದುಕುವುದು ನನಗೆ ಬರುವುದಿಲ್ಲ, ಬರುತ್ತದೆಂದು ಸುಳ್ಳು ಹೇಳುವುದಿಲ್ಲ. ಆದರೆ ಮೂರರಿಂದ ಐದರವರೆಗೆ ಏನೂ ಬರೆಯದೆ ಬಿಟ್ಟೆ. ದೊಡ್ಡವಳು ಅದರ ಮುಂದೆ ನಿಂತು, "ಇಲ್ಲಿ ಏನು ಮಾಡ್ಬೇಕು ಅವ್ವ?" ಎಂದು ಕೇಳಿದಳು.

"ಗೊತ್ತಿಲ್ಲೆ," ಎಂದೆ.

ಅವಳು ಮತ್ತೆ ನಕ್ಕಳು. ಈ ಸಲ ನನಗೆ ಅಷ್ಟು ಕಷ್ಟವಾಗಲಿಲ್ಲ.

ಆ ಎರಡು ಗಂಟೆ ಅವಳು ಬೇಲಿಯ ಆಚೆ ಕಳೆಯುತ್ತಿದ್ದಳು. ಅಜ್ಜಿಯ ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳ ಸುತ್ತುವಳು. ಬರುವಾಗ ಲಂಗಕ್ಕೆ ಮಣ್ಣು, ಹಲಸಿನ ಅಂಟು, ಮುಳ್ಳು. ಜಡೆ ಬಿಚ್ಚಿರುತ್ತಿತ್ತು. ಕೆಲವೊಮ್ಮೆ ಐದು ದಾಟಿ ಹತ್ತು ನಿಮಿಷ ಆಗುತ್ತಿತ್ತು. ನಾನು ಗಡಿಯಾರ ನೋಡುತ್ತಿದ್ದೆ, ಬಾಯಿ ತೆರೆಯುತ್ತಿರ‌ಲಿಲ್ಲ. ಅವಳ ಲಂಗದ ಮಣ್ಣನ್ನು ಉಜ್ಜಿ ತೆಗೆಯುತ್ತ ನಾನು ಪಡುತ್ತಿದ್ದ ಸುಖವನ್ನು ಯಾರಿಗೂ ಹೇಳಲು ಬರುವುದಿಲ್ಲ. ಮಣ್ಣು ಮಾಡಿಕೊಂಡು ಬರಲು ಒಂದು ಮಗು ಇದೆ, ಆ ಲಂಗ ನಾಳೆ ಮತ್ತೆ ಕೊಳೆಯಾಗುತ್ತದೆ, ಅಷ್ಟೇ. ದಿನದಲ್ಲಿ ಬೇರೆ ಏನೂ ನಡೆದಿರುವುದಿಲ್ಲ. ಅನ್ನ, ಸಾರು, ಬಾಯಲ್ಲಿ ಹೊಸ ಹಲ್ಲಿನ ತುದಿ, ಅಪ್ಪನ ಹಳೆಯ ತಮಾಷೆ. ಅಂಥ ದಿನಗಳು ಮೊದಲೂ ನನ್ನ ಮನೆಗೆ ಬಂದಿದ್ದವು. ಆಗ ನಾನು ಅವನ್ನು ಕೆಲಸಕ್ಕೆ ಅಡ್ಡಿ ಎಂದಿದ್ದೆ.

ಗುರುವಾರಗಳಂದು ನಾಲ್ಕಕ್ಕೆ ಇಸ್ತ್ರಿ ಮುಂದುವರಿಯಿತು. ಅದನ್ನು ಬಿಟ್ಟುಬಿಡುತ್ತೇನೆಂದು ನನ್ನ ಗಂಡ ಅಂದುಕೊಂಡಿದ್ದರು. ಬಿಡಲಿಲ್ಲ. ಇದ್ದಿಲು ತುಂಬಿ, ಅಂಗಳಕ್ಕೆ ಬಂದು ಬೂದಿ ಊದಿ, ಬೇಲಿಯ ಕಡೆ ಕೂಗುತ್ತಿದ್ದೆ.

"ಅಜ್ಜೀ, ಇದಾಳಾ?"

ಮೊದಲನೆಯ ಗುರುವಾರ ಅಜ್ಜಿ ಎದ್ದು ಗೇಟಿನವರೆಗೆ ಬಂದಿದ್ದರು. ಬಂದು ಹೇಳಿದ್ದರು, "ನೋಡ್, ಇಲ್ಲೆ ಅಂದ್ರೆ ಎಲ್ಲ ಬಿಟ್ಟ್ ಓಡಿ ಬಾ. ಉಟ್ಟು ಅಂದ್ರೆ ಇದೆ. ನಿನ್ನ ಕೆಲ್ಸ ಮಾಡ್ಕಂಡಿರ್." ಆಮೇಲೆ ಅವರು ಎಷ್ಟೇ ಕೆಲಸದಲ್ಲಿರಲಿ, ಮೊರ ಕೆಳಗಿಟ್ಟು, ತಲೆ ಎತ್ತಿ, ಮಗಳು ಎಲ್ಲಿದ್ದಾಳೆಂದು ಕಣ್ಣಾರೆ ನೋಡಿ, ನನ್ನ ಮುಖ ನೋಡಿಕೊಂಡೇ ಉತ್ತರ ಕೊಡುತ್ತಿದ್ದರು.

"ಉಟ್ಟು."

ನಾವು ಆ ಎಸ್ಟೇಟಿನಲ್ಲಿದ್ದ ಐದು ವರ್ಷವೂ ಹಾಗೇ ನಡೆಯಿತು. ಆ ಪದಕ್ಕಾಗಿ ನಾನು ಬುಧವಾರದಿಂದಲೇ ಕಾಯುತ್ತಿದ್ದೆ. ಅದು ಕಿವಿಗೆ ಬಿದ್ದ ಮೇಲೂ ಒಳಗೆ ಹೋಗುವ ಮೊದಲು, ಬಿಸಿ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ, ಒಂದು ಗಳಿಗೆ ನಿಲ್ಲುತ್ತಿದ್ದೆ. ಇನ್ನೊಬ್ಬಳ ಬಗ್ಗೆಯೂ ಕೇಳಬೇಕು ಎನ್ನುವ ಹಾಗೆ. ಅಜ್ಜಿಗೆ ಅದು ತಿಳಿಯುತ್ತಿತ್ತು. ನಾನು ತಿರುಗುವವರೆಗೆ ಅವರು ಮೊರ ಎತ್ತಿಕೊಳ್ಳುತ್ತಿರಲಿಲ್ಲ.